ನಾನೂರು ಪದಗಳ ಶಾಲೆ

ಅಮೆರಿಕದ ಲ್ಯಾಟಿನೋ ಕುಟುಂಬಗಳೆಂದರೆ ನೆರವಿಗೆ ಕೈಚಾಚುವವರು ಎಂಬ ಚಿತ್ರ ಹಲವರ ತಲೆಯಲ್ಲಿದೆ. ಟೆಕ್ಸಾಸ್‌ನ ಇತಿಹಾಸ ಬೇರೆಯೇ ಹೇಳುತ್ತದೆ. ಹೂಸ್ಟನ್‌ನಲ್ಲಿ ಮೆಕ್ಸಿಕನ್ ಹೋಟೆಲು ನಡೆಸುತ್ತಿದ್ದ ಫೆಲಿಕ್ಸ್ ತಿಹೆರಿನಾ ಹೆಚ್ಚು ಓದಿದವರಲ್ಲ. ಸ್ಪ್ಯಾನಿಷ್ ಮಾತ್ರ ಬಲ್ಲ ಮಕ್ಕಳು ಒಂದನೇ ತರಗತಿಯಲ್ಲೇ ನಪಾಸಾಗುವುದನ್ನು ಕಂಡ ಅವರು, ಶಾಲೆ ಸೇರುವ ಮುನ್ನ ನಾನೂರು ಇಂಗ್ಲಿಷ್ ಪದಗಳನ್ನಾದರೂ ಕಲಿಸೋಣ ಎಂದರು. 1957ರಲ್ಲಿ ಗನಾಡೋ ಎಂಬ ಸಣ್ಣ ಊರಿನಲ್ಲಿ ಪಾಠ ಶುರುವಾಯಿತು. ಕಲಿಸಿದವಳು ಹದಿನೇಳರ ಹುಡುಗಿ ಇಸಬೆಲ್ ವೆರ್ವರ್. ಸಂಬಳ ತಿಹೆರಿನಾ ಅವರ ಜೇಬಿನಿಂದ. ಅವರು ಮುನ್ನಡೆಸುತ್ತಿದ್ದ, ಲ್ಯಾಟಿನ್ ಅಮೆರಿಕನ್ ಮೂಲದ ನಾಗರಿಕರ 'ಲುಲಾಕ್' ಸಂಘಟನೆ ಬೆನ್ನಿಗೆ ನಿಂತಿತು. 1959ರಲ್ಲಿ ರಾಜ್ಯ ಶಾಸನಸಭೆ ಇದನ್ನೇ ಸರ್ಕಾರಿ ಯೋಜನೆಯಾಗಿಸಿತು. ಮರುವರ್ಷ 15 ಸಾವಿರಕ್ಕೂ ಹೆಚ್ಚು ಮಕ್ಕಳು ಕಲಿತರು.

ಮನೆಮಾತನ್ನು ಹೊಸ್ತಿಲಾಚೆ ಬಿಟ್ಟು ಬರಬೇಕಾದ ಶಾಲೆ ಇದು ಎಂಬ ಆಕ್ಷೇಪ ನಿಜವೇ. ಕನ್ನಡಿಗರಿಗೆ ಆ ನೋವು ಬಿಡಿಸಿ ಹೇಳಬೇಕಿಲ್ಲ.

1975ರಲ್ಲಿ ಎರ್ನೆಸ್ಟೊ ರೋಬ್ಲೆಸ್ ಮನೆ ಅಡವಿಟ್ಟು ತಂದ 30 ಸಾವಿರ ಡಾಲರ್‌ನಿಂದ ಹಿಸ್ಪಾನಿಕ್ ವಿದ್ಯಾರ್ಥಿವೇತನ ನಿಧಿ ಕಟ್ಟಿದ್ದೂ ಸಮುದಾಯ ತಾನೇ ಮುಂದಾಗುವ ಇದೇ ಪರಂಪರೆ. ಸಮುದಾಯ ಮೊದಲ ಹೆಜ್ಜೆ ಇಡಬಹುದು, ದಾರಿ ತೋರಬಹುದು. ಆದರೆ ಸಾವಿರಾರು ಮಕ್ಕಳ ಓದಿನ ಹೊಣೆ ಸರ್ಕಾರದ್ದೇ. ದಾನಿಗಳಿದ್ದಾರಲ್ಲ ಎಂದು ಬಜೆಟ್ಟಿಗೆ ಕತ್ತರಿ ಹಾಕುವುದು ಸಲ್ಲದು.