ಹಳೇ ಪೆಟ್ಟಿಗೆಗೆ ಹೊಸ ಪ್ರೊಸೆಸರ್ ಬೇಕೇ?

ನಮ್ಮ ಮನೆಯ ಡೆಸ್ಕ್‌ಟಾಪ್ 2016ರದ್ದು. ಟೆಕ್ನೋಪಾರ್ಕಿನ ಕೆಲಸ ಹಿಡಿದು ತಿರುವನಂತಪುರಕ್ಕೆ ಬಂದ ವರ್ಷವೇ ಕೊಂಡದ್ದು. ಆಗ ಮಿಂಚಿನ ಹಾಗೆ ಓಡುತ್ತಿತ್ತು. ಈಗ ಸ್ವಿಚ್ ಒತ್ತಿ, ಕಾಫಿ ಮಾಡಿಕೊಂಡು ಕುಡಿದು ಬಂದರೂ ಪರದೆಯ ಮೇಲೆ ಚುಕ್ಕಿಗಳು ಸುತ್ತುತ್ತಲೇ ಇರುತ್ತವೆ. ಮಗಳು ಈ ವರ್ಷ ಹತ್ತನೇ ತರಗತಿ. ಇಲ್ಲಿ ಎಸ್ಸೆಸ್ಸೆಲ್ಸಿಗೆ ಐಟಿ ಪರೀಕ್ಷೆಯೂ ಉಂಟು. "ಅಪ್ಪಾ, ಇದು ಬದುಕಿದೆಯಾ ಇಲ್ವಾ ಅಂತ ಮೊದಲು ಹೇಳಿ" ಅಂದಳು.

ಅಂಗಡಿಗೆ ಹೊತ್ತುಕೊಂಡು ಹೋದೆ. ಅಲ್ಲಿನವರು ಪೆಟ್ಟಿಗೆಯ ಮುಚ್ಚಳವನ್ನೂ ತೆಗೆಯದೆ, "ಪ್ರೊಸೆಸರ್ ಬದಲಿಸಿ ಸಾರ್. ಐ7 ಹಾಕೋಣ, ಸೆಕೆಂಡ್ ಹ್ಯಾಂಡ್, ಒಂಬತ್ತು ಸಾವಿರ" ಎಂದರು. ಕೈಯಲ್ಲಿ ಹಣ ಇಲ್ಲವೆಂದಲ್ಲ. ಆದರೆ ಅದು ಸಾಗರದಲ್ಲಿರುವ ಅಮ್ಮನ ಕಣ್ಣಿನ ಪೊರೆ ಆಪರೇಷನ್ನಿಗೆಂದು ಎತ್ತಿಟ್ಟದ್ದು. ಒಂಬತ್ತು ಸಾವಿರ ಅಲ್ಲಿಂದ ತೆಗೆದರೆ ಆಪರೇಷನ್ ಎರಡು ತಿಂಗಳು ಮುಂದಕ್ಕೆ. ನಾಳೆ ಹೇಳುತ್ತೇನೆ ಎಂದು ಬಂದುಬಿಟ್ಟೆ.

ಅದೇ ವಾರ ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯ ಮೇಷ್ಟ್ರೊಬ್ಬರು, ನನ್ನ ಹಳೆಯ ಸ್ನೇಹಿತರು, ಕೆಲಸದ ಮೇಲೆ ಇಲ್ಲಿಗೆ ಬಂದಿದ್ದರು. ರಾತ್ರಿ ರೈಲಿಗೆ ಇನ್ನೂ ಹೊತ್ತಿತ್ತು. ತಂಪಾನೂರಿನ ಬಸ್ ನಿಲ್ದಾಣದ ಪಕ್ಕದ ಇಂಡಿಯನ್ ಕಾಫಿ ಹೌಸಿಗೆ ಹೋದೆವು. ಲಾರಿ ಬೇಕರ್ ಕಟ್ಟಿದ ಆ ಇಟ್ಟಿಗೆಯ ಸುರುಳಿ ಗೋಪುರ ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ಇಳಿಜಾರಿನ ಮೇಜಿನಲ್ಲಿ ಕೂತು ನನ್ನ ಕಥೆ ಹೇಳಿದೆ.

"ಎಂತ ಮಾರಾಯ್ರೆ, ಜ್ವರ ಎಲ್ಲಿಂದ ಬಂತು ಅಂತ ನೋಡದೆ ಮದ್ದು ಕೊಡುವುದಾ?" ಎಂದು ನಕ್ಕರು. "ಟಾಸ್ಕ್ ಮ್ಯಾನೇಜರ್ ತೆಗೆದು ನೋಡಿದ್ರಾ?"

ನೋಡಿರಲಿಲ್ಲ. ಮನೆಗೆ ಬಂದು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದೆ. ಪ್ರೊಸೆಸರ್ ಶೇಕಡಾ 20ರ ಆಸುಪಾಸಿನಲ್ಲಿ ಆರಾಮಾಗಿತ್ತು. ಡಿಸ್ಕ್ ಮಾತ್ರ 100. ಅಂದರೆ ಅಡುಗೆಯವನು ಕೈಕಟ್ಟಿ ಕೂತಿದ್ದಾನೆ, ಉಗ್ರಾಣದಿಂದ ಅಕ್ಕಿ ಬರುತ್ತಿಲ್ಲ. ಚಕ್ರ ತಿರುಗುವ ಹಳೇ ಹಾರ್ಡ್ ಡಿಸ್ಕೇ ತಪ್ಪಿತಸ್ಥ. ಐ7 ಹಾಕಿದ್ದರೆ ಕೈಕಟ್ಟಿ ಕೂರುವವರು ಹೆಚ್ಚುತ್ತಿದ್ದರು, ಅಷ್ಟೇ.

ಇನ್ನೊಂದು ವಿಷಯ. ನನ್ನದು ಕೋರ್ ಐ3-6100, ಎರಡು ಕೋರ್. ಮದರ್‌ಬೋರ್ಡ್ ಎಚ್110. ಇದರ ಮೇಲೆ ಕೂರುವ ದೊಡ್ಡ ಪ್ರೊಸೆಸರ್ ಎಂದರೆ ಏಳನೇ ತಲೆಮಾರಿನ ಐ7-7700, ನಾಲ್ಕು ಕೋರ್. ಎಂಟನೇ ತಲೆಮಾರಿನದಕ್ಕೂ ಸಾಕೆಟ್ಟಿನ ಹೆಸರು 1151ಯೇ, ಆದರೆ ಈ ಬೋರ್ಡಿನಲ್ಲಿ ಅದು ನಡೆಯುವುದಿಲ್ಲ. ಅದಕ್ಕೆ 300 ಸರಣಿಯ ಬೋರ್ಡೇ ಬೇಕು. ಹೆಸರು ನೋಡಿ ಮೋಸ ಹೋಗುವ ಜಾಗ ಇದೇ. ಮುಖ್ಯವಾದ ಪೇಚು ಬೇರೆ: ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಸಾಮಾನ್ಯ ಬೆಂಬಲ ನಿಲ್ಲಿಸಿತು. ವಿಂಡೋಸ್ 11ರ ಪಟ್ಟಿ ಇಂಟೆಲ್‌ನಲ್ಲಿ ಬಹುತೇಕ ಎಂಟನೇ ತಲೆಮಾರಿನಿಂದ ಶುರು. ಅಂದರೆ ಒಂಬತ್ತು ಸಾವಿರ ಕೊಟ್ಟು ಐ7-7700 ಹಾಕಿಸಿದರೂ ನಾನು ಪಟ್ಟಿಯ ಹೊರಗೇ!

ಹಾಗಾದರೆ ಪ್ರೊಸೆಸರ್ ಬದಲಿಸುವುದು ಯಾವಾಗಲೂ ದಂಡವೇ? ಇಲ್ಲ. ನಿಮ್ಮದು ಎಎಂಡಿಯ ಎಎಂ4 ಬೋರ್ಡ್ ಆಗಿದ್ದರೆ ಲೆಕ್ಕವೇ ಬೇರೆ. ಮೊದಲ ರೈಜನ್ ಹಾಕಿಕೊಂಡವರು ಎಷ್ಟೋ ಬೋರ್ಡುಗಳಲ್ಲಿ ಬಯೋಸ್ ಅಪ್‌ಡೇಟ್ ಮಾಡಿ ರೈಜನ್ 5000 ಸರಣಿಗೆ ಹೋಗಬಹುದು. ವಿಡಿಯೋ ಎಡಿಟಿಂಗ್ ಮಾಡುವವರಿಗೆ ಅದು ನಿಜಕ್ಕೂ ದೊಡ್ಡ ಜಿಗಿತ. ಆದರೆ ಬೋರ್ಡ್ ತಯಾರಕರ ಪಟ್ಟಿಯಲ್ಲಿ ಆ ಪ್ರೊಸೆಸರ್ ಹೆಸರು ಇದೆಯೇ ನೋಡಿ. ಬಯೋಸ್ ಅಪ್‌ಡೇಟನ್ನು ಹಳೇ ಪ್ರೊಸೆಸರ್ ಇರುವಾಗಲೇ ಮುಗಿಸಿ. ಹೊಸದಕ್ಕೆ ಕೂಲರ್ ಸಾಕಾಗುತ್ತದೆಯೇ ಕೇಳಿ. ಹಳೆಯದು ಸಣ್ಣದಿದ್ದರೆ ಬಿಸಿಗೆ ತಡೆಯುವುದಿಲ್ಲ, ಅದರಲ್ಲೂ ನಮ್ಮ ಈ ಕರಾವಳಿಯ ಸೆಕೆಯಲ್ಲಿ.

ನಾನು ಕೊನೆಗೆ ಮಾಡಿದ್ದು ಇಷ್ಟು. ಒಂದು ಸಣ್ಣ ಎಸ್‌ಎಸ್‌ಡಿ, ಜತೆಗೆ ಸ್ನೇಹಿತರೊಬ್ಬರ ಹಳೇ ಕಂಪ್ಯೂಟರಿನ ನಾಲ್ಕು ಜಿಬಿ ರ‍್ಯಾಮ್. ಎರಡು ಸ್ಕ್ರೂ, ಎರಡು ಕೇಬಲ್, ಅರ್ಧ ಗಂಟೆ. ಹಳೇ ಡಿಸ್ಕಿನ ಫೋಟೋಗಳನ್ನೆಲ್ಲ ಮೊದಲೇ ಬೇರೆ ಕಡೆ ಕಾಪಿ ಮಾಡಿಟ್ಟೆ. ವಿಂಡೋಸ್ ಬದಲು ಉಬುಂಟು. ಇದೂ ಮೇಷ್ಟ್ರ ಸಲಹೆಯೇ. ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಕಲಿಯುವುದು 'ಕೈಟ್' ಸಂಸ್ಥೆ ಉಬುಂಟು ಆಧಾರದ ಮೇಲೆ ಸಿದ್ಧಪಡಿಸಿದ ಲಿನಕ್ಸಿನಲ್ಲಿ. "ನಮ್ಮ ಶಾಲೆಯ ಮಕ್ಕಳು ಇದರಲ್ಲೇ ಕನ್ನಡ ಟೈಪ್ ಮಾಡ್ತಾರೆ, ನೀವು ಇಂಜಿನಿಯರು ಹೆದರುವುದಾ?" ಎಂದಿದ್ದರು.

ಮಗಳು ಹೆದರಲಿಲ್ಲ, ನಾನು ಸ್ವಲ್ಪ ಹೆದರಿದೆ. ನುಡಿ, ಬರಹ ತಂತ್ರಾಂಶಗಳಿಗೆ ಒಗ್ಗಿದ ಕೈ ನನ್ನದು. ಅವು ವಿಂಡೋಸಿನವು. ಉಬುಂಟುವಿನಲ್ಲಿ ಕಗಪ ವಿನ್ಯಾಸದ ಕೀಲಿಮಣೆ ಸಿಕ್ಕಿದ ಮೇಲೆ ಸಮಾಧಾನವಾಯಿತು. ಆಫೀಸಿನ ಲೆಕ್ಕಪತ್ರಕ್ಕೆ ವಿಂಡೋಸೇ ಬೇಕು ಎನ್ನುವವರು ಈ ದಾರಿ ಹಿಡಿಯುವ ಮುಂಚೆ ಯೋಚಿಸಿ. ಆಗ ಪ್ರೊಸೆಸರ್, ಬೋರ್ಡ್, ರ‍್ಯಾಮ್ ಮೂರನ್ನೂ ಒಟ್ಟಿಗೆ ಬದಲಿಸುವುದೇ ಸರಿ. ಅರ್ಧ ರಿಪೇರಿಗೆ ದುಡ್ಡು ಹಾಕಬೇಡಿ.

ಈಗ ಸ್ವಿಚ್ ಒತ್ತಿದರೆ ಹಾಲು ಉಕ್ಕುವುದರೊಳಗೆ ಪರದೆ ಸಿದ್ಧ. ಈ ಅಂಕಣವನ್ನೂ ಅದರಲ್ಲೇ ಬರೆದಿದ್ದೇನೆ. ಅಮ್ಮನ ಆಪರೇಷನ್ ಗೊತ್ತು ಮಾಡಿದ ದಿನವೇ ಆಯಿತು. ಮೊನ್ನೆ ವಿಡಿಯೋ ಕಾಲ್ ಮಾಡಿದಾಗ ಕಪ್ಪು ಕನ್ನಡಕ ತೆಗೆದು, "ನಿನ್ನ ತಲೆಯಲ್ಲಿ ಇಷ್ಟು ಬಿಳಿ ಕೂದಲು ಯಾವಾಗ ಬಂತೋ?" ಎಂದರು.