ಸಂಜೆಯೊಳಗೆ ಬೇಕು

ಗ್ಯಾರೇಜಿನವರು ಬೋಲ್ಟು ಮುರಿಯುತ್ತಾರೆ, ಥ್ರೆಡ್ಡು ಹಾಳು ಮಾಡುತ್ತಾರೆ ಎಂದು ದೂರದ ಕಾರಿನ ಒಡೆಯರನ್ನು ನಾನಂತೂ ಕಂಡಿಲ್ಲ. ನಾನೂ ದೂರಿದವಳೇ. ಈಗ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ. ಬೋಲ್ಟು ಮುರಿಯುವುದು ಹುಡುಗನ ಕೈಯಲ್ಲಿ ನಿಜ. ಆದರೆ ಅನೇಕ ಸಲ ಅದನ್ನು ಮುರಿಸುವುದು ನಮ್ಮ ನಾಲಿಗೆ.

ನಮ್ಮ ಮನೆ ಶಿವಮೊಗ್ಗದಲ್ಲಿ, ನಾನು ಪಾಠ ಹೇಳುವ ಶಾಲೆ ಭದ್ರಾವತಿಯಲ್ಲಿ. ನಿತ್ಯ ಓಡಾಟ ಬಸ್ಸಿನಲ್ಲಿ. ಮನೆಯಲ್ಲಿರುವ ಹಳೆಯ ಮಾರುತಿ 800 ಹೊರಬೀಳುವುದು ಗಾಂಧಿ ಬಜಾರಿಗೆ, ದೇವಸ್ಥಾನಕ್ಕೆ, ಅಪರೂಪಕ್ಕೊಂದು ಮದುವೆಗೆ. ಇಷ್ಟು ಕಡಿಮೆ ಓಡಿದರೆ ಗಾಡಿ ಬಾಳಿಕೆ ಬರುತ್ತದೆಂದು ತಿಳಿದಿದ್ದೆ. ಅದು ತಪ್ಪು. ಪೆಟ್ರೋಲು ಉರಿದಾಗ ಹೊಗೆಯ ಜೊತೆ ನೀರಿನ ಆವಿಯೂ ಹುಟ್ಟುತ್ತದೆ. ದೂರ ಓಡಿದರೆ ಸೈಲೆನ್ಸರ್ ಕಾದು ಆ ನೀರು ಆರಿಹೋಗುತ್ತದೆ; ಬಜಾರಿಗೆ ಹೋಗಿ ಬರುವಷ್ಟರಲ್ಲಿ ಆರುವುದಿಲ್ಲ, ಅಲ್ಲೇ ನಿಂತು ಕಬ್ಬಿಣವನ್ನು ತಿನ್ನುತ್ತದೆ. ಹೊರಗಿನಿಂದ ನಮ್ಮ ಮಳೆಗಾಲದ ತೇವ ಬೇರೆ. ಎಂಜಿನ್ನಿನ ಹತ್ತಿರದ ನಟ್ಟುಗಳಂತೂ ಪ್ರತಿಸಲ ಕಾದು ತಣಿದು, ಕಾದು ತಣಿದು, ಮೇಲಿನ ಲೇಪ ಸುಟ್ಟುಹೋಗಿ ಬತ್ತಲಾಗಿರುತ್ತವೆ. ತುಕ್ಕು ಹಿಡಿದ ಕಬ್ಬಿಣ ಸವೆಯುತ್ತದೆ ಎನ್ನುತ್ತೇವೆ, ಆದರೆ ಆ ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಥ್ರೆಡ್ಡಿನ ಸಂದಿನಲ್ಲಿ ಬೆಣೆ ಬಡಿದ ಹಾಗೆ ಕೂತುಬಿಡುತ್ತದೆ.

ಕಳೆದ ವರ್ಷ ಎಂಜಿನ್ ಕಡೆಯಿಂದ ಭಡಭಡ ಸದ್ದು ಶುರುವಾಯಿತು. ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ ಹೋಗಿತ್ತು. ಸದ್ದಾದರೂ ಸಹಿಸಬಹುದು, ಅಲ್ಲಿಂದ ಸೋರುವ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕಿಟಕಿ ಮುಚ್ಚಿದ ಕಾರಿನಲ್ಲಿ ಅದು ಜೀವಕ್ಕೇ ಬರಬಹುದು. ಶಿವಮೊಗ್ಗದ ಒಂದು ಗ್ಯಾರೇಜಿಗೆ ಬೆಳಿಗ್ಗೆ ಒಯ್ದು ನಿಲ್ಲಿಸಿದೆ. ಮರುದಿನ ನೆಂಟರ ಮದುವೆ.

"ಜಾಮ್ ಆಗಿದೆ ಮೇಡಂ, ಎರಡು ದಿನ ಬಿಟ್ಟು ಹೋಗಿ" ಎಂದ ಹುಡುಗ.

"ನಾಲ್ಕು ನಟ್ಟು ಬಿಚ್ಚೋಕೆ ಎರಡು ದಿನವೇ? ಸಂಜೆಯೊಳಗೆ ಬೇಕು" ಎಂದೆ.

ಸಂಜೆಯೊಳಗೆ ಆಗಬೇಕೆಂದರೆ ಇರುವುದು ಒಂದೇ ದಾರಿ. ಸ್ಪ್ಯಾನರಿನ ಹಿಡಿಗೆ ಉದ್ದದ ಪೈಪು ಸಿಕ್ಕಿಸಿ ಮೈಭಾರ ಹಾಕುವುದು. ಅವನು ಹಾಕಿದ. ಟಕ್ ಎಂದಿತು. ನಟ್ಟು ಬಿಚ್ಚಿರಲಿಲ್ಲ, ಸ್ಟಡ್ಡೇ ಮುರಿದು ತುಂಡು ಹೆಡ್ಡಿನಲ್ಲಿ ಉಳಿದಿತ್ತು. ನಾನು ಹತ್ತು ಜನರೆದುರು ಆ ಹುಡುಗನಿಗೆ ಬೈದೆ. ಇನ್ನೊಂದು ಕಡೆ ತೋರಿಸಿದಾಗ, ಹೆಡ್ಡು ಸಮೇತ ಬದಲಿಸಿ, ಹದಿನೈದು ಸಾವಿರದ ಮೇಲಾಗುತ್ತದೆ ಎಂದರು.

ಕೊನೆಗೆ ಕಿಟಕಿಗಳನ್ನೆಲ್ಲ ಇಳಿಸಿಕೊಂಡು, ಭದ್ರಾವತಿಯ ವಯಸ್ಸಾದ ಮೇಸ್ತ್ರಿಯೊಬ್ಬರಲ್ಲಿಗೆ ಒಯ್ದೆ. ಹಿಂದೆ ಅಲ್ಲಿನ ಕಬ್ಬಿಣದ ಕಾರ್ಖಾನೆಯಲ್ಲಿ ಗುತ್ತಿಗೆ ಫಿಟ್ಟರ್ ಆಗಿದ್ದವರು. ಮೊದಲ ದಿನ ಅವರು ತಂತಿಬ್ರಷ್ಷಿನಲ್ಲಿ ತುಕ್ಕು ಉಜ್ಜಿ, ನಟ್ಟುಗಳ ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಎದ್ದುಬಿಟ್ಟರು.

"ಇವತ್ತು ಬೇರೇನೂ ಮಾಡೋದಿಲ್ವಾ?"

"ಎಣ್ಣೆ ಮಾಡ್ತಾ ಇದೆಯಲ್ಲ ಟೀಚರಮ್ಮಾ."

ಮರುದಿನ ಎಣ್ಣೆಯನ್ನು ಪೂರ್ತಿ ಒರೆಸಿ, ಪೆಟ್ರೋಲಿನ ಪೈಪನ್ನು ಕಳಚಿ ದೂರ ಸರಿಸಿ, ಗ್ಯಾಸಿನ ಸಣ್ಣ ಉರಿಯನ್ನು ನಟ್ಟಿಗೆ ಮಾತ್ರ ಹಿಡಿದರು. ಕಾದ ನಟ್ಟು ಹಿಗ್ಗಿ ತುಕ್ಕಿನ ಹಿಡಿತ ಬಿರಿಯುತ್ತದೆ. ಹೆಡ್ಡಿಗೆ ಉರಿ ತಾಗಗೊಡಲಿಲ್ಲ. "ಕಬ್ಬಿಣ ಕೆಂಪಾಗಿ ಎಚ್ಚರಿಕೆ ಕೊಡುತ್ತೆ. ಹೆಡ್ಡು ಅಲ್ಯೂಮಿನಿಯಂ, ಏನೂ ಹೇಳದೆ ಕರಗುತ್ತೆ" ಎಂದರು. ಆಮೇಲೆ ಆರು ಮೂಲೆಯ ಸಾಕೆಟ್ ಕೂರಿಸಿ, ಬಿಚ್ಚುವ ಬದಲು ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿದರು! ಕಿರ್ ಎಂದಿತು. ಕಾಲು ಸುತ್ತು ಹೊರಗೆ, ಅರ್ಧದಷ್ಟು ಒಳಗೆ, ಮತ್ತೆ ಎಣ್ಣೆ. ಬಿಗಿ ಬಂದರೆ ನಿಲ್ಲಿಸುವರು, ಜಗ್ಗುವವರಲ್ಲ. ಮೂರನೆಯ ದಿನ, ಮುರಿದ ಸ್ಟಡ್ಡಿನ ಹೊರಗುಳಿದಿದ್ದ ಮೊಟಕಿಗೆ ಹೊಸ ನಟ್ಟೊಂದನ್ನು ಬೆಸುಗೆ ಹಾಕಿ, ತಣಿಯಲು ಬಿಟ್ಟು, ಹಾಗೇ ತಿರುಗಿಸಿ ತೆಗೆದರು. ಹೊಸ ಸ್ಟಡ್ಡುಗಳಿಗೆ ತಾಮ್ರದ ಗ್ರೀಸು ಸವರಿ ಕೂರಿಸಿದರು. ಮುಂದೆ ಬಿಚ್ಚುವವನಿಗೆ ಅನುಕೂಲವಾಗಲಿ ಎಂದು.

ಲೆಕ್ಕ ಬಂತು. ಸ್ಟಡ್ಡು, ನಟ್ಟು, ಗ್ಯಾಸ್ಕೆಟ್ಟಿನ ಬೆಲೆಗೆ ನಾನು ತುಟಿ ಬಿಚ್ಚಲಿಲ್ಲ, ಪೊಟ್ಟಣದ ಮೇಲೆ ಅಚ್ಚಾಗಿತ್ತಲ್ಲ! ಕೂಲಿ 1,600 ರೂಪಾಯಿ ಎಂದಾಗ ಮಾತ್ರ, "ಅಷ್ಟೊಂದಾ?" ಎಂದೆ.

ಮೇಸ್ತ್ರಿ ಕೈ ಒರೆಸಿಕೊಳ್ಳುತ್ತ, "ಮುರಿದು ಹೆಡ್ಡು ಬದಲಿಸಿದ್ರೆ ಹದಿನೈದು ಸಾವಿರ ಕೊಡ್ತಿದ್ರಿ. ಮುರೀದೆ ತೆಗೆದಿದ್ದಕ್ಕೆ ಕೇಳ್ತೀರಲ್ಲ" ಎಂದರು. ಸಿಟ್ಟಿರಲಿಲ್ಲ. ಅದಕ್ಕೇ ನನಗೆ ಹೆಚ್ಚು ನಾಚಿಕೆಯಾಯಿತು.

ನನ್ನ ತಕರಾರು ಇದೇ. ನಾವು ವಸ್ತುವಿಗೆ ಹಣ ಕೊಡುತ್ತೇವೆ, ಕಾಯುವಿಕೆಗೆ ಕೊಡುವುದಿಲ್ಲ. ಎರಡು ದಿನ ಎಣ್ಣೆ ಬಿಟ್ಟು ಕಾದವನಿಗೆ ಸೋಮಾರಿ ಎನ್ನುತ್ತೇವೆ. ಒಂದೇ ಏಟಿಗೆ ಮುರಿದು ಹೊಸದು ಹಾಕುವವನಿಗೆ ಚುರುಕು ಎನ್ನುತ್ತೇವೆ. ಹೀಗಿರುವಾಗ ಹುಡುಗರು ಯಾವುದನ್ನು ಕಲಿಯುತ್ತಾರೆ, ನೀವೇ ಹೇಳಿ.

ಭದ್ರಾವತಿಯ ಕಾರ್ಖಾನೆ ಕಬ್ಬಿಣ ತೆಗೆಯತೊಡಗಿದ್ದು 1923ರಲ್ಲಿ. ಸರಿಯಾಗಿ ನೂರು ವರ್ಷಕ್ಕೆ, 2023ರ ಜನವರಿಯಲ್ಲಿ, ಅದನ್ನು ಮುಚ್ಚುವ ತೀರ್ಮಾನ ಹೊರಬಿದ್ದಾಗ ಕಾರ್ಮಿಕರು ಬೀದಿಗಿಳಿದರು. ಆಗ ಸ್ಟಾಫ್ ರೂಮಿನಲ್ಲಿ ಕೂತು, ಮೂರು ತಲೆಮಾರಿನ ಕೈಗೆಲಸ ಮಣ್ಣುಪಾಲಾಗುತ್ತದಲ್ಲ ಎಂದು ಮರುಗಿದವರಲ್ಲಿ ನಾನೂ ಒಬ್ಬಳು. ಅದೇ ಕೈಗೆಲಸ ನನ್ನ ಕಾರಿನ ಮುಂದೆ ಬಗ್ಗಿ ನಿಂತಾಗ ಚೌಕಾಸಿಗಿಳಿದೆ! ಸರ್ಕಾರವನ್ನು ಕೇಳುವ ಪ್ರಶ್ನೆಯನ್ನು ನನ್ನನ್ನೇ ಕೇಳಿಕೊಳ್ಳಬಾರದೇ?

ಎಲ್ಲ ಮೆಕ್ಯಾನಿಕ್ಕುಗಳೂ ಸಾಚಾ ಅಲ್ಲ, ಕಾಯುವ ನೆಪದಲ್ಲಿ ವಾರ ತಳ್ಳುವವರಿದ್ದಾರೆ ಎನ್ನುವಿರಿ. ಇದ್ದಾರೆ. ಹಾಗಾದರೆ ಯಾವ ದಿನ ಏನು ಮಾಡುತ್ತೀರಿ, ಕೂಲಿ ಎಷ್ಟು ಎಂದು ಮೊದಲೇ ಕೇಳಿ, ಒಪ್ಪಿ, ಬರೆಸಿಕೊಳ್ಳಿ. ಟ್ಯಾಕ್ಸಿಯವನ ಗಾಡಿ ಎರಡು ದಿನ ನಿಂತರೆ ಒಲೆ ಹೊತ್ತುವುದಿಲ್ಲ ಎನ್ನುವಿರಿ. ಅದೂ ನಿಜ. ಅಂಥವರು ಸದ್ದು ಸಣ್ಣದಿರುವಾಗಲೇ ತೋರಿಸಲಿ, ಹಿಂದಿನ ಸಂಜೆಯೇ ಎಣ್ಣೆ ಬಿಡಿಸಿಕೊಳ್ಳಲಿ, ಹೊಸ ನಟ್ಟಿಗೆ ಗ್ರೀಸು ಹಾಕೆಂದು ಹೇಳಲಿ. ಆದರೆ ನನ್ನಂಥವರಿಗೆ ಏನು ಅವಸರವಿತ್ತು? ಮದುವೆಗೆ ಬಸ್ಸಿತ್ತು. ಕೊನೆಗೆ ಬಸ್ಸಿನಲ್ಲೇ ಹೋದೆ.

ಶಿವಮೊಗ್ಗದ ಆ ಹುಡುಗನ ಬಳಿ ಆಮೇಲೊಮ್ಮೆ ಹೋಗಿ, ಬೈದದ್ದು ನನ್ನ ತಪ್ಪು ಎಂದೆ. ಅವನು ಸಂಕೋಚದಿಂದ ನಕ್ಕು, "ನನಗೂ ಗೊತ್ತಿತ್ತು ಮೇಡಂ, ಮುರಿಯುತ್ತೆ ಅಂತ. ನೀವು ಸಂಜೆಗೆ ಬೇಕು ಅಂದ್ರಲ್ಲ" ಎಂದ.

ಅವನಿಗೆ ಗೊತ್ತಿತ್ತು. ಗೊತ್ತಿದ್ದವನ ಬಾಯಿ ಮುಚ್ಚಿಸಿದವಳು ನಾನು. ಈ ಸಲ ಸರ್ವೀಸಿಗೆ ಗಾಡಿಯನ್ನು ಅವನಲ್ಲೇ ಬಿಟ್ಟು, "ಯಾವಾಗ ಬರಲಿ?" ಎಂದಷ್ಟೇ ಕೇಳಿದೆ.