ಡ್ರಿಪ್ ಪೈಪ್ ಜೋಡಿಸಿದ ಕೈ ಗ್ಯಾಸ್ ಪೈಪಿಗೆ ಬೇಡ

ನೊಣವಿನಕೆರೆ ಸುತ್ತಮುತ್ತ ಹೊಸ ಮನೆ ಕಟ್ಟುತ್ತಿರುವ ಹಲವರ ಬಾಯಲ್ಲಿ ಈಗ ಒಂದೇ ಮಾತು. "ಸಿಲಿಂಡರ್ ಹೊರಗಿಟ್ಟು, ಗೋಡೆಗೆ ತೂತು ಹೊಡೆದು ಪೈಪ್ ಒಳಗೆ ತಂದ್ರಾಯ್ತು. ಅದಕ್ಕೂ ಮೆಕ್ಯಾನಿಕ್ ಬೇಕೇನ್ರಿ?" ಬೋರಿಗೆ ಮೋಟರ್ ಇಳಿಸುವುದು, ತೋಟಕ್ಕೆ ಡ್ರಿಪ್ ಎಳೆಯುವುದು, ಒಡೆದ ಪೈಪಿಗೆ ಜಾಯಿಂಟ್ ಹಾಕುವುದು ನಮ್ಮ ತೆಂಗಿನ ಸೀಮೆಯವರಿಗೆ ಹೊಸದಲ್ಲ. ಆ ಧೈರ್ಯವೇ ಈಗ ಅಡುಗೆಮನೆಗೂ ನುಗ್ಗುತ್ತಿದೆ. ಬೇಡ ಅಂತ ನಾವು ಖಡಾಖಂಡಿತವಾಗಿ ಹೇಳುತ್ತೇವೆ.

ಸಿಲಿಂಡರ್ ಹೊರಗಿಡಬೇಕು ಅನ್ನುವ ಆಸೆ ತಪ್ಪಲ್ಲ, ಅದು ಒಳ್ಳೆಯದೇ. ಆದರೆ ಆ ಲೈನು ತಾಮ್ರದ ಪೈಪಿನಲ್ಲಿ, ಕಲಿತ ಮೆಕ್ಯಾನಿಕ್ ಕೈಯಲ್ಲಿ ಆಗಬೇಕು. ಗ್ಯಾಸ್ ಬಿಡುವ ಮೊದಲು ಗಾಳಿ ತುಂಬಿಸಿ, ಒತ್ತಡ ಇಳಿಯುತ್ತದಾ ಅಂತ ನೋಡಬೇಕು. ರಬ್ಬರ್ ಟ್ಯೂಬನ್ನು ಗೋಡೆಯ ತೂತಿನೊಳಗೆ ತೂರಿಸಲೇಬಾರದು. ಗೋಡೆಯೊಳಗೆ ಅದು ಸೀಳಿದರೆ, ಇಲಿ ಕಡಿದರೆ ಯಾರ ಕಣ್ಣಿಗೂ ಬೀಳುವುದಿಲ್ಲ.

ನೀರಿನ ಪೈಪ್ ಸೋರಿದರೆ ನೆಲ ಒದ್ದೆಯಾಗುತ್ತದೆ. ಎಂ-ಸೀಲ್ ಮೆತ್ತಿ, ಟ್ಯೂಬ್ ರಬ್ಬರ್ ಸುತ್ತಿ, ಬೈಂಡಿಂಗ್ ವೈರ್ ಬಿಗಿದರೆ ಆ ದಿನದ ಕೆಲಸ ನಡೆಯುತ್ತದೆ. ಗ್ಯಾಸ್ ಸೋರಿದರೆ ಏನೂ ಕಾಣುವುದಿಲ್ಲ. ಗೊತ್ತಾಗಲಿ ಅಂತಲೇ ಕಂಪನಿಯವರು ಅದಕ್ಕೆ ವಾಸನೆ ಬೆರೆಸುತ್ತಾರೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಆ ವಾಸನೆ ಯಾರ ಮೂಗಿಗೆ ಬಡಿಯಬೇಕು?

ಗೋಬರ್ ಗ್ಯಾಸ್ ಇಟ್ಟುಕೊಂಡಿದ್ದ ಮನೆಯವರಿಗೆ ಇನ್ನೊಂದು ಭ್ರಮೆ ಇದೆ. "ಇಪ್ಪತ್ತು ವರ್ಷ ಪ್ಲಾಸ್ಟಿಕ್ ಪೈಪಲ್ಲೇ ಗ್ಯಾಸ್ ತಂದಿಲ್ವಾ?" ತಂದಿದ್ದೀರಿ, ನಿಜ. ಆದರೆ ಸಗಣಿ ಗ್ಯಾಸು ಗಾಳಿಗಿಂತ ಹಗುರ. ಸೋರಿದ್ದು ಮೇಲೇರಿ ಹೆಂಚಿನ ಸಂದಿಯಲ್ಲಿ ಹೋಗಿಬಿಡುತ್ತಿತ್ತು. ಸಿಲಿಂಡರ್ ಗ್ಯಾಸು ಗಾಳಿಗಿಂತ ಸುಮಾರು ಎರಡು ಪಟ್ಟು ಭಾರ. ಅದು ನೆಲಕ್ಕೆ ಇಳಿದು, ಹರಿದು, ಪಕ್ಕದ ಕೋಣೆಯ ಮೂಲೆಯಲ್ಲಿ ಕೂರುತ್ತದೆ. ಒಳಗಿರುವ ಒಂದು ಲೀಟರ್ ದ್ರವ ಹೊರಬಂದರೆ ಸುಮಾರು 250 ಲೀಟರ್ ಗ್ಯಾಸ್ ಆಗುತ್ತದೆ. ಗಾಳಿಯಲ್ಲಿ ನೂರಕ್ಕೆ ಎರಡು ಪಾಲು ಬೆರೆತರೂ ಸಾಕು, ಫ್ರಿಜ್ಜಿನ ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಎರಡಕ್ಕೂ ಗ್ಯಾಸ್ ಅನ್ನುವ ಹೆಸರು ಒಂದೇ ಇರಬಹುದು, ನಡತೆ ಬೇರೆ.

ನಮ್ಮ ಕಡೆಯ ಮನೆಗಳ ಇನ್ನೊಂದು ಸಂಗತಿಯನ್ನು ಬೆಂಗಳೂರಿನಲ್ಲಿ ಕೂತು ಸುರಕ್ಷತೆಯ ಕರಪತ್ರ ಬರೆಯುವವರು ಯೋಚಿಸಿರಲಾರರು. ಅದು ಅಟ್ಟ. ಉಂಡೆ ಕೊಬ್ಬರಿಗೆ ಅಂತ ಕಾಯಿ ಅಟ್ಟಕ್ಕೆ ಹಾಕಿ ವರ್ಷದ ಹತ್ತಿರ ಕಾಯುತ್ತೇವೆ. ಒಣ ಸಿಪ್ಪೆ, ಎಣ್ಣೆ ತುಂಬಿದ ಕೊಬ್ಬರಿ, ಕೆಳಗೆ ಒಲೆ. ಪಕ್ಕದಲ್ಲಿ ನೀರೊಲೆಗೆ ಅಂತ ಗರಿ, ಮಟ್ಟೆ, ಚಿಪ್ಪಿನ ರಾಶಿ. ಪೇಟೆಯ ಮನೆಯಲ್ಲಿ ಒಂದು ಅಡುಗೆಮನೆ ಸುಟ್ಟರೆ, ಇಲ್ಲಿ ಅದರ ಜೊತೆಗೆ ಒಂದು ವರ್ಷದ ಬೆಳೆ, ಸೊಸೈಟಿ ಸಾಲ, ಮಗಳ ಮದುವೆಯ ದುಡ್ಡು ಎಲ್ಲ ಬೂದಿ.

"ವಿಮೆ ಇದೆಯಲ್ಲ" ಅನ್ನುತ್ತೀರಾ? ಇದೆ. ತೈಲ ಕಂಪನಿಗಳು ಗ್ರಾಹಕರ ಪರವಾಗಿ ಮಾಡಿಸಿದ ವಿಮೆಯಲ್ಲಿ ಸಾವಿಗೆ 6 ಲಕ್ಷ, ಚಿಕಿತ್ಸೆಗೆ ತಲೆಗೆ ಹೆಚ್ಚೆಂದರೆ 2 ಲಕ್ಷ, ಆಸ್ತಿ ನಷ್ಟಕ್ಕೆ ಹೆಚ್ಚೆಂದರೆ 2 ಲಕ್ಷ. ಆ ಆಸ್ತಿಯೂ ಕನೆಕ್ಷನ್ ಯಾವ ವಿಳಾಸದಲ್ಲಿದೆಯೋ ಆ ಮನೆಯದ್ದೇ ಆಗಿರಬೇಕು. ಊರಿನ ಮನೆಯ ಸಿಲಿಂಡರನ್ನು ತೋಟದ ಮನೆಗೆ ಹೊತ್ತು, ಅಲ್ಲೊಂದು ಸ್ವಂತ ಪೈಪ್ ಎಳೆದವರು ಈ ಸಾಲನ್ನು ಎರಡು ಸಲ ಓದಿಕೊಳ್ಳಿ.

ಇಷ್ಟು ಹೇಳಿ ರೈತರನ್ನೇ ಬೈದು ಕೂತರೆ ಅದು ಅರ್ಧ ಮಾತು. ಜನ ಯಾಕೆ ತಾವೇ ಕೈ ಹಾಕುತ್ತಾರೆ? ಮೆಕ್ಯಾನಿಕ್ ಕರೆದರೆ ಬರುವುದಿಲ್ಲ. ಬಂದರೂ ಇವತ್ತು ನಾಳೆ ಅಂತ ವಾರ ಕಳೆಯುತ್ತದೆ. ಸಿಲಿಂಡರ್ ಕೊಡುವಾಗ ತೂಕ, ಸೋರಿಕೆ ನೋಡಿ ಕೊಡಬೇಕು. ನಮ್ಮ ಹಳ್ಳಿಗಳಲ್ಲಿ ಗಾಡಿ ರಸ್ತೆಯಲ್ಲೇ ನಿಂತು ಹಾರ್ನ್ ಹೊಡೆಯುತ್ತದೆ, ಹೊತ್ತು ತರುವುದು ನಮ್ಮ ಹೆಣ್ಣುಮಕ್ಕಳು. ಐದು ವರ್ಷಕ್ಕೊಮ್ಮೆ ಕಡ್ಡಾಯ ತಪಾಸಣೆ ಇದೆ ಅನ್ನುವುದೇ ಎಷ್ಟೋ ಮನೆಗೆ ಗೊತ್ತಿಲ್ಲ. ಉಜ್ವಲ ಯೋಜನೆ ಶುರುವಾದದ್ದು 2016ರಲ್ಲಿ. ಆಗಿನ ಕನೆಕ್ಷನ್ ಜೊತೆ ಬಂದ ಸುರಕ್ಷಾ ಟ್ಯೂಬಿನ ಆಯಸ್ಸು ಐದು ವರ್ಷ. ಲೆಕ್ಕ ನೀವೇ ಹಾಕಿ. ಕನೆಕ್ಷನ್ ಕೊಟ್ಟು ಫೋಟೊ ತೆಗೆಸಿಕೊಂಡವರು ಟ್ಯೂಬ್ ಬದಲಿಸಿ ಅಂತ ಹೇಳಲು ಬಂದರಾ?

ನೀವೇ ಮಾಡಬಹುದಾದ ಕೆಲಸವೂ ಇದೆ. ಟ್ಯೂಬಿನ ಮೇಲಿನ ದಿನಾಂಕ ನೋಡಿ. ಹೊಸ ಸಿಲಿಂಡರ್ ಹಾಕುವಾಗ ಬಾಯಲ್ಲಿ ವಾಷರ್ ಇದೆಯಾ ನೋಡಿ, ಜೋಡಣೆಗೆ ಸೋಪಿನ ನೊರೆ ಹಚ್ಚಿ, ಗುಳ್ಳೆ ಬಂದರೆ ಬಳಸಬೇಡಿ. ಬೆಂಕಿಕಡ್ಡಿ ಗೀರಿ ನೋಡುವ ಅಭ್ಯಾಸ ಇದ್ದವರು ದಯವಿಟ್ಟು ಇವತ್ತೇ ಬಿಡಿ. ವಾಸನೆ ಬಂದರೆ ಸ್ವಿಚ್ ಹಾಕಲೂ ಬೇಡಿ, ಆರಿಸಲೂ ಬೇಡಿ. ರೆಗ್ಯುಲೇಟರ್ ಆಫ್ ಮಾಡಿ, ಬಾಗಿಲು ಕಿಟಕಿ ತೆರೆದು ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ದಿನದ 24 ಗಂಟೆಯೂ ಆ ನಂಬರ್ ಇರುತ್ತದೆ.

ಲೈನ್ ಎಳೆಸಲೇಬೇಕು ಅಂದರೆ ಏಜೆನ್ಸಿಗೆ ಬರವಣಿಗೆಯಲ್ಲಿ ಕೇಳಿ, ಕೆಲಸ ಆದ ಮೇಲೆ ರಸೀದಿ ಇಟ್ಟುಕೊಳ್ಳಿ. ಮುಂದಿನ ಗ್ರಾಮಸಭೆಗೆ ಏಜೆನ್ಸಿಯವರನ್ನು ಕರೆಸಬೇಕು ಅಂತ ನಿಮ್ಮ ಪಂಚಾಯ್ತಿ ಸದಸ್ಯರನ್ನು ಹಿಡಿಯಿರಿ. ಊರಿನ ಎಷ್ಟು ಮನೆಯ ತಪಾಸಣೆ ಆಗಿದೆ, ಯಾವ ತಾರೀಕಿನಲ್ಲಿ ಆಗಿದೆ ಅನ್ನುವ ಪಟ್ಟಿಯನ್ನು ಸಭೆಯಲ್ಲೇ ಓದಿಸಿ.